ಇಪ್ಪತ್ತರವರೆಗೆ ಎಣಿಸು

ನಾನು ಎಣಿಸಲು ಕಲಿತದ್ದು ಜೀಪಿನಲ್ಲಿ. ಶಾಲೆಗೆ ಸೇರುವ ಮೊದಲೇ.

ಕೊಡಗಿನ ಸುಂಟಿಕೊಪ್ಪದ ಜನವರಿ ಬೆಳಗು ಅಂದ್ರೆ ಅಂಗಳದಲ್ಲಿ ನಿಂತವರ ಮುಖ ಕಾಣದಷ್ಟು ಮಂಜು. ಆ ಹೊತ್ತಿಗೆ ಯಾರದೋ ತೋಟದ ಜೀಪು ನಮ್ಮ ಗ್ಯಾರೇಜಿನ ಮುಂದೆ ರಾತ್ರಿಯೆಲ್ಲಾ ನಿಂತು ತಣ್ಣಗೆ ಕೊರೆಯುತ್ತಿರುತ್ತಿತ್ತು. ಅಪ್ಪ ನನ್ನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ, ಕೀ ತಿರುಗಿಸಿ ಹೀಟರ್ ಹಾಕಿ, 'ಎಣಿಸು ಮಗಾ' ಅನ್ನುತ್ತಿದ್ದರು. ನಾನು ಒಂದು, ಎರಡು, ಮೂರು ಎಂದು ಶುರು ಮಾಡುತ್ತಿದ್ದೆ. ಹನ್ನೆರಡು ಹದಿಮೂರಕ್ಕೆ ಬರುವಾಗ ನನಗೆ ತಾಳ್ಮೆ ಮುಗಿದಿರುತ್ತಿತ್ತು. 'ಈಗ ಹಾಕಿ ಅಪ್ಪ, ಸಾಕು.' ಅವರು ಕೈ ಅಲ್ಲಾಡಿಸುತ್ತಿರಲಿಲ್ಲ. ಇಪ್ಪತ್ತು ಆಗಬೇಕು. ಇಪ್ಪತ್ತು ಅಂದ ತಕ್ಷಣ ಸೆಲ್ಫ್ ಹೊಡೆಯುತ್ತಿದ್ದರು. ಇಡೀ ಜೀಪು ಒಮ್ಮೆ ಮೈ ನಡುಗಿಸಿ, ಬಿಳಿ ಹೊಗೆ ಬಿಟ್ಟು, ಎದ್ದು ಕೂರುತ್ತಿತ್ತು.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹೊಡೆಯುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಚಿಮುಕಿಸಿದರೆ ಅದೇ ಹೊತ್ತಿಕೊಳ್ಳುತ್ತದೆ. ಆದರೆ ಚಳಿಯಲ್ಲಿ ಕಬ್ಬಿಣವೇ ಆ ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೆ ಆಗಿನ ಮಹೀಂದ್ರ ಜೀಪುಗಳ ಪ್ಯೂಜೋ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್. ಅದು ಕೆಂಪಗೆ ಕಾಯುವ ತನಕ ಸುಮ್ನೆ ಕೂರಬೇಕು. ಅವಸರ ಮಾಡಿದರೆ ಎಂಜಿನ್ ಏಳುವುದಿಲ್ಲ, ಬ್ಯಾಟರಿ ಮಾತ್ರ ಮಲಗುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ನಾನು ಎಣಿಸಿದ್ದಕ್ಕೇ ಜೀಪು ಸ್ಟಾರ್ಟ್ ಆಗುತ್ತದೆ ಅಂತ ನಂಬಿದ್ದೆ.

ಅಪ್ಪ ಹೋಗಿ ಕೆಲವು ವರ್ಷವಾಯಿತು. ಅವರ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದೆ ಎದ್ದು ಹೋಗಿದ್ದೇನೆ. ಅವರದು ಹೇಳಿಕೊಳ್ಳುವಂಥ ಬದುಕಲ್ಲ. ಪ್ರಶಸ್ತಿ ಇಲ್ಲ, ಪಂಚಾಯಿತಿಗೂ ನಿಂತವರಲ್ಲ. ಅಜ್ಜ ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದು ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಮಗನೂ ಲೆಕ್ಕದ ಪುಸ್ತಕ ಹಿಡಿಯಲಿ ಅಂತ ಅವರ ಆಸೆ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಫೇಲಾಗಿ, ಮಡಿಕೇರಿಯ ಒಂದು ಗ್ಯಾರೇಜಿನಲ್ಲಿ ಐದು ವರ್ಷ ಸ್ಪ್ಯಾನರ್ ಎತ್ತಿಕೊಟ್ಟು, 1979ರಲ್ಲಿ ಊರಿಗೆ ಬಂದು ರಸ್ತೆ ಬದಿಗೆ ನಾಲ್ಕು ತಗಡು ಹೊದಿಸಿ ಕೂತರು. ಬೋರ್ಡು ಹಾಕಲೇ ಇಲ್ಲ. ನಾನು ಊರಿಗೆಲ್ಲ 'ಗ್ಯಾರೇಜಿನವರ ಮಗಳು' ಆಗಿಯೇ ಬೆಳೆದೆ.

ಇವತ್ತಿಗೂ ಕೊಡಗಿಗೆ ರೈಲಿಲ್ಲ. ಅಕ್ಕಿಯಿಂದ ಹಿಡಿದು ಗೊಬ್ಬರದ ತನಕ ಎಲ್ಲವೂ ಚಕ್ರದ ಮೇಲೆ ಹತ್ತಿ ಬರಬೇಕು, ಕಾಫಿ ಚಕ್ರದ ಮೇಲೆ ಇಳಿದು ಹೋಗಬೇಕು. ಅದೂ ಎಂಥ ರಸ್ತೆ? ಮುಖ್ಯರಸ್ತೆ ಬಿಟ್ಟು ತೋಟದೊಳಗೆ ಹೊಕ್ಕರೆ ಫೋರ್ ವೀಲ್ ಜೀಪಿಗೆ ಮಾತ್ರ ದಾರಿ. ಹಾಗಾಗಿ ನಮ್ಮ ಕಡೆ ಜೀಪು ಶೋಕಿಯಲ್ಲ, ಎತ್ತಿನ ಜಾಗಕ್ಕೆ ಬಂದದ್ದು. ಅಪ್ಪನ ಬಳಿ ಕೊಡವ ಸಾಹುಕಾರರು ಬರುತ್ತಿದ್ದರು, ತೋಟದ ಕೂಲಿಯವರ ಲೈನ್ ಮನೆಯ ಹುಡುಗರು ಸೈಕಲ್ಲಿಗೆ ಎಣ್ಣೆ ಕೇಳಿಕೊಂಡು ಬರುತ್ತಿದ್ದರು, ಕಣ್ಣೂರು ಕಡೆಯ ಲಾರಿಯವರು ಬರುತ್ತಿದ್ದರು. ಅಪ್ಪ ಒಬ್ಬೊಬ್ಬರ ಜೊತೆ ಒಂದೊಂದು ಭಾಷೆ. ಕೊಡವ ತಕ್ಕ್, ಮಲಯಾಳ, ಅರೆಭಾಷೆ. ಅಮ್ಮ ಸೋಮವಾರಪೇಟೆ ಕಡೆಯವಳು, ಹಾಗಾಗಿ ಮನೆಯಲ್ಲಿ ಕನ್ನಡ. ನಟ್ಟು ಸ್ಲಿಪ್ ಆಗಿ ಗೆಣ್ಣು ತರಚಿದಾಗ ಮಾತ್ರ ತುಳು.

ಬೇರೆಯವರ ಮನೆಯಲ್ಲಿ ವರ್ಷವನ್ನು ಹಬ್ಬದಿಂದ ಅಳೆಯುತ್ತಾರೆ. ನಮ್ಮ ಮನೆಯಲ್ಲಿ ಏನು ಕೆಡುತ್ತದೆ ಅನ್ನುವುದರಿಂದ. ಡಿಸೆಂಬರಿನಿಂದ ಕಾಫಿ ಕುಯ್ಲು, ಜೀಪಿನ ಸ್ಪ್ರಿಂಗ್ ಪ್ಲೇಟು ಮುರಿಯುವ ಕಾಲ. ಎಷ್ಟು ಚೀಲ ಹೇರಬಾರದು ಅಂತ ಹೇಳಿದರೂ ಅಷ್ಟೇ ಚೀಲ ಹೇರಿಕೊಂಡು ಬರುವವರು. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಸ್ಪ್ರೇಯರುಗಳು, ಮೈಲುತುತ್ತಿನ ನೀಲಿ ಹಿಡಿದುಕೊಂಡು. ಜೂನ್ ಬಂತೆಂದರೆ ಬ್ರೇಕು, ವೈಪರು, ನೀರು ಹೊಕ್ಕ ವೈರಿಂಗು. ಇದರ ಮಧ್ಯೆ ಫೆಬ್ರವರಿ, ಮಾರ್ಚ್ ಬರುತ್ತದಲ್ಲ, ಅದು ಪಂಪ್‌ಸೆಟ್ಟಿನ ಕಾಲ. ಆ ಎರಡು ತಿಂಗಳು ಅಪ್ಪ ನಮ್ಮವರಲ್ಲ.

ಕಾಫಿ ತೋಟ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೊಬಸ್ಟಾ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ, ಆದರೆ ತಾನಾಗಿ ಅರಳುವುದಿಲ್ಲ. ಒಂದು ಒಳ್ಳೆಯ ಹೂಮಳೆ ಬೀಳಬೇಕು. ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲಕ್ಕೆ ಬೆಳ್ಳಗಾಗುತ್ತದೆ, ಊರಿಗೇ ಮಲ್ಲಿಗೆಯಂಥ ಘಮ. ಮಳೆ ಬಾರದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ಸುಳ್ಳು ಮಳೆ ಹೊಯ್ಯಬೇಕು. ಅರ್ಧಂಬರ್ಧ ನೆನೆದರೆ ಮೊಗ್ಗು ಅರಳುವುದೂ ಇಲ್ಲ, ಮೊಗ್ಗಾಗಿ ಉಳಿಯುವುದೂ ಇಲ್ಲ, ಕೆಟ್ಟು ಹೋಗುತ್ತದೆ. ಅಂದರೆ ರಾತ್ರಿ ಒಂದು ಗಂಟೆಗೆ ಕೆರೆಯ ದಡದಲ್ಲಿ ಡೀಸೆಲ್ ಎಂಜಿನ್ ನಿಂತಿತು ಅಂದರೆ, ನಿಂತದ್ದು ಎಂಜಿನ್ ಅಲ್ಲ, ಆ ತುಂಡು ತೋಟದ ಮುಂದಿನ ವರ್ಷದ ಬೆಳೆ.

ಹಾಗಾಗಿ ಆ ಎರಡು ತಿಂಗಳು ನಮ್ಮ ಮನೆಯ ಬಾಗಿಲು ಯಾವ ಹೊತ್ತಿಗಾದರೂ ಬಡಿಯುತ್ತಿತ್ತು. ಅಪ್ಪ ಬನಿಯನ್ನಿನ ಮೇಲೆ ಸ್ವೆಟರ್ ಏರಿಸಿ, ಟೂಲ್ ಚೀಲ ಹಿಡಿದು ಹೊರಟುಬಿಡುತ್ತಿದ್ದರು. ಒಂದೆರಡು ಸಲ ನಾನೂ ಹಟ ಹಿಡಿದು ಹೋಗಿದ್ದೇನೆ. ಹತ್ತರಲ್ಲಿ ಏಳು ಸಲ ಕತೆ ಒಂದೇ: ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡು, ಪೈಪಿನಲ್ಲಿ ಏರ್ ಹಿಡಿದಿರುತ್ತಿತ್ತು. ಅಪ್ಪ ಡೀಸೆಲ್ ಹೊಯ್ದು, ಪಂಪಿನ ಬಳಿ ಒಂದು ಸಣ್ಣ ಬೋಲ್ಟು ಸಡಿಲಿಸಿ, ಬೆರಳಲ್ಲಿ ಪ್ರೈಮರ್ ಒತ್ತುತ್ತಾ ಕೂರುತ್ತಿದ್ದರು. ಬೋಲ್ಟಿನ ಸಂದಿಯಿಂದ ಮೊದಲು ಬರೀ ನೊರೆ. ಆಮೇಲೆ ಗುಳ್ಳೆ ಬೆರೆತ ಡೀಸೆಲ್. ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಅಷ್ಟರ ತನಕ ಸಾಹುಕಾರರು ಪಕ್ಕದಲ್ಲಿ ನಿಂತು 'ಆಯ್ತಾ? ಆಯ್ತಾ?' ಅನ್ನುತ್ತಿರುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಟಾರ್ಚು ಹಿಡಿದ ನನಗೆ ಮಾತ್ರ ಮೆಲ್ಲಗೆ, 'ಗುಳ್ಳೆ ನಿಂತಿತಾ ನೋಡು' ಅನ್ನುತ್ತಿದ್ದರು.

ದುಡ್ಡು? ಆ ರಾತ್ರಿ ಯಾರೂ ಕೊಡುತ್ತಿರಲಿಲ್ಲ. 'ಕಾಫಿ ಕೊಟ್ಟ ಮೇಲೆ ನೋಡುವಾ.' ನಮ್ಮೂರಿನ ಅರ್ಧ ವ್ಯವಹಾರ ನಿಂತಿದ್ದೇ ಈ ಮಾತಿನ ಮೇಲೆ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಎಲ್ಲ ಕಡೆಯೂ ಅದೇ. ಬೆಳೆ ವರ್ಷಕ್ಕೆ ಒಂದೇ, ಹಾಗಾಗಿ ದುಡ್ಡೂ ವರ್ಷಕ್ಕೆ ಒಂದೇ ಸಲ. ಅಪ್ಪನಲ್ಲಿ ಉದ್ದನೆಯ ಒಂದು ಪುಸ್ತಕವಿತ್ತು. ಅದರಲ್ಲಿ ಜೀಪಿನ ನಂಬರು, ಏನು ಕೆಟ್ಟಿತ್ತು, ಯಾವ ಸಾಮಾನು ಹಾಕಿದೆ ಅಂತ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದರು. ಬಲಗಡೆ ದುಡ್ಡಿನ ಕಾಲಂ ಮಾತ್ರ ಎಷ್ಟೋ ಕಡೆ ಖಾಲಿ. ಅಮ್ಮನಿಗೆ ಆ ಖಾಲಿ ಕಾಲಂ ಕಂಡರೆ ಮೈ ಉರಿಯುತ್ತಿತ್ತು.

'ಇದೇನು ಗ್ಯಾರೇಜಾ, ಧರ್ಮಾಸ್ಪತ್ರೆಯಾ? ಮಕ್ಕಳ ಫೀಸಿಗೆ ಈ ಪುಸ್ತಕ ತಗೊಂಡು ಹೋಗಿ ತೋರಿಸಲಾ?'

'ಕೊಡ್ತಾರೆ ಮಾರಾಯ್ತಿ. ಎಲ್ಲಿಗೆ ಹೋಗ್ತಾರೆ?'

ಕೆಲವರು ಕೊಡುತ್ತಿದ್ದರು. ಕೆಲವರು ದುಡ್ಡಿನ ಬದಲು ಕಿತ್ತಳೆ, ಜೇನು, ಕಾಳುಮೆಣಸು, ಮಳೆಗಾಲದಲ್ಲಿ ಎಳೆ ಬಿದಿರಿನ ಕಣಿಲೆ ತಂದಿಡುತ್ತಿದ್ದರು. ಒಬ್ಬರು ಕ್ಲಚ್ ಪ್ಲೇಟಿನ ಲೆಕ್ಕಕ್ಕೆ ಎರಡು ಬಾಟಲಿ ಕಾಚಂಪುಳಿ, ಅಂದರೆ ಕೊಡಗಿನಲ್ಲಿ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕೊಟ್ಟು ಹೋದರು. ನಮ್ಮ ಮನೆಯಲ್ಲಿ ಹಂದಿ ಮಾಡುವುದಿಲ್ಲ, ಅಷ್ಟೊಂದು ಹುಳಿ ಹಾಕಿ ಏನು ಮಾಡುವುದು? ಅಮ್ಮ ಒಂದು ವರ್ಷ ಮೀನಿಗೆಲ್ಲ ಅದನ್ನೇ ಹಾಕಿದಳು, ಸಿಟ್ಟಿನಿಂದಲೇ. ಚೆನ್ನಾಗಿಯೇ ಇತ್ತು ಅನ್ನಿ.

ಕೆಲವರು ಕೊಡಲೇ ಇಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಹೊಗಳಿಕೆಯಾಗುತ್ತದೆ. 1994ರಲ್ಲಿ ಬ್ರೆಜಿಲಿನಲ್ಲಿ ಕಡು ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಸುಟ್ಟುಹೋಯಿತು, ಇಲ್ಲಿ ರೇಟು ಎದ್ದಿತು. ಅದೇ ವರ್ಷಗಳಲ್ಲಿ ಕಾಫಿ ಬೋರ್ಡಿನ ಹಿಡಿತವೂ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವ ಹಾಗಾಯಿತು. ಊರಿಗೆ ಮಾರುತಿ ಕಾರುಗಳು ಬಂದವು, ಮನೆಗಳಿಗೆ ಮೇಲಂತಸ್ತು ಬಂತು. ಹಳೇ ಬಾಕಿ ಇದ್ದವರಲ್ಲಿ ಕೆಲವರು ಹೊಸ ಕಾರಿನಲ್ಲಿ ನಮ್ಮ ಗ್ಯಾರೇಜು ದಾಟಿ ಹೋಗುವಾಗ ಗಾಜು ಏರಿಸಿಕೊಂಡರು. ಆ ಕಾರಿನ ಸರ್ವಿಸು ಮೈಸೂರಿನಲ್ಲಿ. 2001, 2002ರಲ್ಲಿ ರೇಟು ನೆಲ ಕಚ್ಚಿದಾಗ ಅದೇ ಜನ ಹಳೇ ಜೀಪನ್ನು ಶೆಡ್ಡಿನಿಂದ ಹೊರಗೆಳೆದು ಅಪ್ಪನ ಹತ್ತಿರ ಬಂದರು. ಅಪ್ಪ ಮಾಡಿಕೊಟ್ಟರು. ನಾನಾಗ ಕಾಲೇಜು. ನನಗೆ ಅಪ್ಪನ ಮೇಲೆ ಎಷ್ಟು ನಾಚಿಕೆಯಾಯಿತು ಅಂದರೆ, ಒಂದು ವಾರ ಮಾತು ಬಿಟ್ಟೆ. ಇವತ್ತೂ ಆ ವಿಷಯದಲ್ಲಿ ನಾನು ಅಮ್ಮನ ಕಡೆಯೇ. ಕೇಳಿದ್ದರೆ ಕೊಡುತ್ತಿದ್ದರು. ಅಪ್ಪ ಕೇಳಲಿಲ್ಲ. ಕಾಯುತ್ತಾ ಕೂತರು. ಎಂಜಿನ್ನಿನ ಮುಂದೆ ಕಾಯುವುದೂ ಮನುಷ್ಯರ ಮುಂದೆ ಕಾಯುವುದೂ ಒಂದೇ ಅಲ್ಲ ಅಲ್ವಾ?

ಇನ್ನೊಂದು ದೂರೂ ಇದೆ. ನನಗೆ ಎಣಿಸಲು ಕಲಿಸಿದರು, ಟಾರ್ಚು ಹಿಡಿಯಲು ಕಲಿಸಿದರು. ಸ್ಪ್ಯಾನರ್ ಕೊಡಲಿಲ್ಲ. ನನಗಿಂತ ಚಿಕ್ಕ ಹುಡುಗರು ಬಂದು ಸೇರಿ, ಎರಡು ವರ್ಷದಲ್ಲಿ ಗೇರ್ ಬಾಕ್ಸ್ ಇಳಿಸುತ್ತಿದ್ದರು. ನಾನು ಕೇಳಿದಾಗ 'ಕೈಯೆಲ್ಲ ಗ್ರೀಸ್ ಆಗ್ತದೆ ಮಗಾ, ಓದಿಕೋ' ಅಂದರು. ಅವರಿಗೆ ತಮ್ಮ ಕೈಗಳ ಬಗ್ಗೆ ಒಂಥರಾ ಸಂಕೋಚವಿತ್ತು. ಸೀಮೆಎಣ್ಣೆ, ಮರದ ಹುಡಿ, ಸೋಪು ಹಾಕಿ ತಿಕ್ಕಿದರೂ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ. ನನ್ನ ಮದುವೆಗೆ ಒಂದು ವಾರ ಮುಂಚೆ ಗ್ಯಾರೇಜು ಮುಚ್ಚಿ, ದಿನಾ ನಿಂಬೆಹಣ್ಣು ಸೀಗೆಪುಡಿ ಹಾಕಿ ಉಜ್ಜಿಕೊಂಡರು. ಎಲ್ಲ ಫೋಟೋದಲ್ಲೂ ಕೈ ಹಿಂದೆ ಕಟ್ಟಿ ನಿಂತಿದ್ದಾರೆ. ಆದರೆ ಧಾರೆ ಎರೆಯುವ ಫೋಟೋದಲ್ಲಿ ಕೈ ಬಚ್ಚಿಡಲು ಆಗುವುದಿಲ್ಲವಲ್ಲ. ನಮ್ಮ ಮನೆಯ ಗೋಡೆಯಲ್ಲಿ ನಾನು ಹಾಕಿರುವುದು ಅದೊಂದೇ.

ಅಪ್ಪ ನಗುತ್ತಿದ್ದ ತಿಂಗಳು ಯಾವುದು ಅಂತ ಕೇಳಿದರೆ ದಸರಾದ ತಿಂಗಳು. ಮಡಿಕೇರಿ ದಸರಾದಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರುಗಳ ಮೇಲೆ ಆಳೆತ್ತರಕ್ಕಿಂತ ಎಷ್ಟೋ ದೊಡ್ಡ ದೇವರು, ರಾಕ್ಷಸರು. ಅವು ಸುಮ್ನೆ ನಿಲ್ಲುವ ಬೊಂಬೆಗಳಲ್ಲ. ಕಥೆಗೆ ತಕ್ಕಂತೆ ಕೈಯೆತ್ತುತ್ತವೆ, ಬಾಯಿ ತೆರೆಯುತ್ತವೆ, ಮೇಲೇಳುತ್ತವೆ, ಬೀಳುತ್ತವೆ. ಮಂಟಪಕ್ಕೆ ಮಂಟಪಕ್ಕೆ ಸ್ಪರ್ಧೆ, ಬಹುಮಾನ. ಕಲಾವಿದರು ಬೊಂಬೆ ಮಾಡಿದರೆ, ಅದರ ಹೊಟ್ಟೆಯೊಳಗೆ ಕೂತು ಕೈಕಾಲು ಆಡಿಸುವುದು ಮೆಕ್ಯಾನಿಕ್ಕುಗಳ ಕೆಲಸ. ಒಂದು ಮಂಟಪದವರು ಅಪ್ಪನನ್ನು ಹತ್ತಾರು ವರ್ಷ ಕರೆದರು. ಜೀಪಿನ ವೈಪರ್ ಮೋಟರಿನಲ್ಲಿ ರಾಕ್ಷಸನ ಕಣ್ಣು ಹೊರಳಿಸಿದರು. ಲಾರಿಯ ಜ್ಯಾಕಿನಲ್ಲಿ ಅವನನ್ನು ಎಬ್ಬಿಸಿದರು. ಒಂದು ವರ್ಷ ಸರಿಯಾಗಿ ತೀರ್ಪುಗಾರರ ಮುಂದೆ ದೇವಿಯ ತ್ರಿಶೂಲದ ಕೈ ಅರ್ಧಕ್ಕೇ ನಿಂತುಬಿಟ್ಟಿತು. ಒಳಗಿದ್ದ ಅಪ್ಪ, ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಸರಳು ಹಿಡಿದು ದೇವಿಯ ಕೈಯನ್ನು ತಾವೇ ಎತ್ತಿದರಂತೆ. 'ಮಹಿಷಾಸುರನನ್ನು ಕೊಂದದ್ದು ನಾನೇ' ಅಂತ ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು. ಬಹುಮಾನ ಬರಲಿಲ್ಲ.

2018ರ ಆಗಸ್ಟ್ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಸ್ವಾತಂತ್ರ್ಯ ದಿನದ ಆಚೀಚೆ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಕಡೆಯೆಲ್ಲ ಗುಡ್ಡಗಳು ಕಳಚಿ ಬಂದವು. ಸುಂಟಿಕೊಪ್ಪದಿಂದ ಮಾದಾಪುರದ ರಸ್ತೆ ಹಿಡಿದರೆ ಇವುಗಳಲ್ಲಿ ಮೊದಲ ಮೂರು ಊರುಗಳ ಕಡೆಗೇ ದಾರಿ. ಅಪ್ಪನಿಗೆ ಅರವತ್ತು ದಾಟಿತ್ತು, ಮಂಡಿನೋವು ಬೇರೆ. ಎಲ್ಲಿಯ ತನಕ ರಸ್ತೆ ಇತ್ತೋ ಅಲ್ಲಿಯ ತನಕ ಹುಡುಗರ ಜೊತೆ ಜೀಪಿನಲ್ಲಿ ಓಡಾಡಿದರು. ನಾನು ಬೆಂಗಳೂರಿನಿಂದ ಫೋನು ಮಾಡಿದರೆ ಸಿಗುತ್ತಿರಲಿಲ್ಲ. ಸಿಕ್ಕಾಗ ಹೇಳಿದ್ದು ಇಷ್ಟೇ: 'ಬ್ರೇಕ್ ಶೂ ಎಲ್ಲ ಕೆಸರು ತಿಂದು ಹೋಗಿದೆ ಮಗಾ.' ಬೇರೆ ಏನನ್ನು ನೋಡಿದರೋ ಹೇಳಲಿಲ್ಲ.

ಮಳೆ ನಿಂತ ಮೇಲೆ ಒಬ್ಬರು ತಮ್ಮ ಜೀಪನ್ನು ಎಳೆಸಿಕೊಂಡು ಬಂದರು. ಅವರ ಮನೆ ಹೋಗಿತ್ತು. ತೋಟದ ಒಂದು ಭಾಗವೂ ಮನೆಯ ಜೊತೆಗೇ ಇಳಿದಿತ್ತು. ಕೆಳಗೆ ನಿಲ್ಲಿಸಿದ್ದ ಜೀಪು ಮಾತ್ರ ಕೆಸರಿನಲ್ಲಿ ಹೂತು ಉಳಿದಿತ್ತು. ಎಂಜಿನ್ನಿನೊಳಗೆ, ಗೇರ್ ಬಾಕ್ಸಿನೊಳಗೆ, ಡೈನಮೋದೊಳಗೆ ಕೆಂಪು ಮಣ್ಣು. ಬುದ್ಧಿ ಇರುವ ಮೆಕ್ಯಾನಿಕ್ ಗುಜರಿಗೆ ಹಾಕಿ ಅನ್ನುತ್ತಿದ್ದ. ಅಪ್ಪ ಪೂರ್ತಿ ಬಿಚ್ಚಿದರು. ಒಂದೊಂದನ್ನೇ ಡೀಸೆಲ್ಲಿನಲ್ಲಿ ತೊಳೆದು ಗೋಣಿ ಮೇಲೆ ಹರವಿದರು. ಆ ಮನುಷ್ಯ ದಿನಾ ಬಂದು ಟಯರಿನ ಮೇಲೆ ಕೂರುತ್ತಿದ್ದರಂತೆ, ಏನೂ ಮಾತಾಡದೆ. ಒಂದು ತಿಂಗಳ ಮೇಲೆ ಜೀಪು ಎದ್ದಿತು. ಆದರೆ ಅವರಿಗೆ ಅದನ್ನು ನಿಲ್ಲಿಸಲು ಜಾಗವೇ ಇರಲಿಲ್ಲ. ಪರಿಹಾರ ಕೇಂದ್ರ, ಆಮೇಲೆ ನೆಂಟರ ಮನೆ, ಆಮೇಲೆ ಬಾಡಿಗೆ ಕೋಣೆ. ಜೀಪು ನಮ್ಮ ಅಂಗಳದಲ್ಲೇ ಉಳಿಯಿತು. ಪ್ರತಿ ಭಾನುವಾರ ಅವರು ಬಂದು, ಹೀಟರ್ ಹಾಕಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸದೆ ಕೂತು, ಆಫ್ ಮಾಡಿ, ಅಮ್ಮ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. 2020ರಲ್ಲಿ ಜಂಬೂರಿನಲ್ಲಿ ಸರ್ಕಾರ ಕಟ್ಟಿದ ಮನೆಗಳನ್ನು ಕೊಟ್ಟಾಗ ಅವರಿಗೂ ಒಂದು ಸಿಕ್ಕಿತು, ಜೀಪು ಹೋಯಿತು. ಪುಸ್ತಕದಲ್ಲಿ ಆ ಜೀಪಿನ ಕೆಲಸ ಎರಡು ಪುಟ ತುಂಬಾ ಇದೆ. ಬಲಗಡೆ ಏನೂ ಇಲ್ಲ. ಆ ಎರಡು ಪುಟದ ಬಗ್ಗೆ ಅಮ್ಮ ಒಂದು ಮಾತೂ ಎತ್ತಿದ್ದಿಲ್ಲ.

ಅಷ್ಟು ಹೊತ್ತಿಗೆ ಗ್ಯಾರೇಜಿಗೂ ಮುಪ್ಪು ಬಂದಿತ್ತು. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮದ ಬಿಎಸ್-6 ಗಾಡಿಗಳು. ಸೆನ್ಸರು, ಸ್ಕ್ಯಾನರು, ಕಂಪ್ಯೂಟರು. ಅಪ್ಪ ಬಾನೆಟ್ ಎತ್ತಿ ನೋಡಿ, ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಕಂಡು, ಮೆಲ್ಲಗೆ ಮುಚ್ಚಿಬಿಡುತ್ತಿದ್ದರು. 'ಮುಖಕ್ಕೆ ಮುಸುಕು ಹಾಕಿಕೊಂಡಿದೆ' ಅಂತ ನಗೆ. ಅವರ ಕೈ ಕೆಳಗೆ ಕಲಿತ ಹುಡುಗರಲ್ಲಿ ಇಬ್ಬರು ಕುಶಾಲನಗರದಲ್ಲಿ ಸ್ವಂತ ಗ್ಯಾರೇಜು ಮಾಡಿದ್ದಾರೆ, ಒಬ್ಬ ಗಲ್ಫಿನಲ್ಲಿದ್ದಾನೆ. ನನ್ನ ತಮ್ಮ ಬ್ಯಾಂಕು ಸೇರಿದ. ಅಪ್ಪ 2022ರ ಮಳೆಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರು ಹೋದ ಮೇಲೆ, 2024, 2025ರಲ್ಲಿ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ರೇಟು ಬಂತು. ಕಾಫಿ ಕೊಟ್ಟ ಮೇಲೆ ನೋಡುವಾ ಅಂದವರೆಲ್ಲ ಕೊಟ್ಟಿದ್ದರೆ ಅಂತ ಒಮ್ಮೊಮ್ಮೆ ಕೆಟ್ಟ ಯೋಚನೆ ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಅವರ ಹನ್ನೊಂದನೇ ದಿನಕ್ಕೆ ಜನ ಎಷ್ಟು ಬಂದರು ಅಂದರೆ ಅಡುಗೆಯವರು ಎರಡು ಸಲ ಅನ್ನ ಇಟ್ಟರು. ಜಂಬೂರಿನಿಂದ ಆ ಜೀಪಿನವರೂ ಬಂದಿದ್ದರು. ಮಳೆ ಬಿಡದೆ ಹೊಯ್ಯುತ್ತಿತ್ತು. ಊಟ ಮುಗಿಸಿ ಹೊರಟವರ ಜೀಪು ಅಂಗಳದಲ್ಲೇ ಕೈ ಕೊಟ್ಟಿತು. ಸೆಲ್ಫ್ ಹೊಡೆದರೆ ಕೆಮ್ಮುತ್ತದೆ, ಏಳುವುದಿಲ್ಲ. ಅಪ್ಪನ ಶಿಷ್ಯರಿಬ್ಬರೂ ಪಂಚೆ ಎತ್ತಿ ಕಟ್ಟಿ ಬಾನೆಟ್ ತೆರೆದರು. ಒಬ್ಬ ಏರ್ ಹಿಡಿದಿದೆ ಅಂದ, ಇನ್ನೊಬ್ಬ ಬ್ಯಾಟರಿ ಅಂದ. ತಮ್ಮ ತಳ್ಳೋಣವಾ ಅಂದ. ಕೊಡೆ ಹಿಡಿದವರು, ಹಿಡಿಯದವರು, ಎಲ್ಲರೂ ಒಂದೊಂದು ಹೇಳುವವರೇ.

ಅಮ್ಮ ಜಗಲಿಯಲ್ಲಿ ಕೂತಿದ್ದಳು. ನಲವತ್ತು ವರ್ಷ ಗ್ಯಾರೇಜಿಗೆ ಬೈದವಳು, ಒಂದು ದಿನವೂ ಅದರೊಳಗೆ ಕಾಲಿಡದವಳು. ಅಲ್ಲಿಂದಲೇ ಗಟ್ಟಿಯಾಗಿ ಹೇಳಿದಳು.

'ನೀವು ಅವಸರ ಮಾಡ್ತಾ ಇದ್ದೀರಿ. ಹೀಟರ್ ಹಾಕಿ ಬಿಡಿ. ನಾನು ಹೇಳುವ ತನಕ ಸೆಲ್ಫ್ ಮುಟ್ಟಬೇಡಿ.'

ಅಂಗಳ ಸುಮ್ಮನಾಯಿತು. ತಗಡಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಎಣಿಸಲು ಶುರು ಮಾಡಿದಳು. ಒಂದು, ಎರಡು, ಮೂರು. ಹತ್ತರ ಹತ್ತಿರ ಅವಳ ದನಿ ಸ್ವಲ್ಪ ನಡುಗಿತು, ಆದರೆ ನಿಲ್ಲಲಿಲ್ಲ. ಹದಿಮೂರಕ್ಕೆ ನಾನೂ ಸೇರಿಕೊಂಡೆ.